ಪಾಯಾಳುವಿನ ಮೊಣಕಾಲು

ಮೊರದಲ್ಲಿ ತೊಗರಿ ಹಾಕಿಕೊಂಡು ಹಸನು ಮಾಡುತ್ತ ಕೂತಿದ್ದೆ. ಹೊಟ್ಟು ಹಾರಿಸಿ, ಹರಳು ಆರಿಸಿ, ಹುಳ ಹಿಡಿದ ಕಾಳು ಬದಿಗೆ ಇಡುವಷ್ಟರಲ್ಲಿ ಓಣಿಯ ಸರುಬಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಾಗಿದವಳು ಬಾಗಿದಂತೆಯೇ ಬಾಗಿಲಿಗೆ ಬಂದಳು. ನೀರಿನ ಕೊಡ ಎತ್ತುವಾಗ ಉಳುಕಿತಂತೆ. ಅವಳು ಬಂದದ್ದು ನನ್ನ ಹತ್ತಿರ ಅಲ್ಲ, ನನ್ನ ಮೊಮ್ಮಗಳು ಸೋನಾಲಿಯ ಹತ್ತಿರ.

ಸೋನಾಲಿ ಪಾಯಾಳು. ತಲೆ ಮೊದಲಾಗಿ ಬರದೆ ಕಾಲು ಮೊದಲಾಗಿ ಹುಟ್ಟಿದವರಿಗೆ ನಮ್ಮ ಬಸವಕಲ್ಯಾಣದ ಕಡೆ ಹಾಗನ್ನುತ್ತಾರೆ. ಉಳುಕಿದ ಸೊಂಟಕ್ಕೆ ಪಾಯಾಳುವಿನ ಬಲಗಾಲು ಮೂರು ಸಲ ತಾಗಿದರೆ ಉಳುಕು ಬಿಡುತ್ತದೆ ಅಂತ ಹಿರಿಯರು ಹೇಳಿಕೊಂಡು ಬಂದ ಮಾತು. ಗುಡುಗು ಹೊಡೆಯುವಾಗ ಪಾಯಾಳು ಬಯಲಲ್ಲಿ ನಿಲ್ಲಬಾರದು ಅನ್ನುವುದೂ ಅದರ ಜೋಡಿಗೇ ಬಂದದ್ದು. ಆ ಹುಡುಗಿಯ ಪಾದ ಹಿಡಿಯಷ್ಟು ಇದ್ದಾಗಲೇ ಸೊಸೆ ಅವಳನ್ನು ಎತ್ತಿ ಹಿಡಿದು ಮಂದಿಯ ಬೆನ್ನಿಗೆ ತಾಗಿಸುತ್ತಿದ್ದಳು. ಈಗಂತೂ ಸೋನಾಲಿ ತನ್ನ ಮೈಗಿಂತ ಹೆಚ್ಚು ಭಾರ ಎತ್ತುವ ತಾಲೀಮಿನ ಹುಡುಗಿ. ಅವಳ ಕಾಲಿಗೆ ಬೆಲೆ ಇನ್ನೂ ಏರಿತ್ತು.

ಸರುಬಾಯಿ ಪಡಸಾಲೆಯಲ್ಲಿ ಬೋರಲು ಮಲಗಿ, "ಸಾವಕಾಶ ಒದಿಯವಾ, ನಾ ನಿನ್ನ ತಾಲೀಮಿನ ಕಬ್ಬಿಣ ಅಲ್ಲ" ಅಂದಳು.

"ಕಬ್ಬಿಣ ಆದ್ರ ಬಾಯಿ ಮುಚ್ಕೊಂಡು ಇರ್ತದ ಕಾಕು."

ಸೋನಾಲಿ ಎಡಗಾಲ ಮೇಲೆ ನಿಂತು ಬಲಗಾಲು ಎತ್ತಿದಳು. ಎಂದೂ ಇಲ್ಲದ್ದು, ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಎರಡನೆಯ ಸಲಕ್ಕೆ ಅವಳ ತುಟಿ ಬೆಳ್ಳಗಾಯಿತು. ಮೂರನೆಯದಕ್ಕೆ ಎಡ ಮೊಣಕಾಲು ನಡುಗಿದ್ದನ್ನು ನಾನು ನೋಡಿದೆ. ಸರುಬಾಯಿ ಎದ್ದು, ಸೊಂಟ ಆ ಕಡೆ ಈ ಕಡೆ ತಿರುಗಿಸಿ, ಬಿಟ್ಟಿತು ಅಂತ ಹೇಳಿ ಹೋದಳು. ಸೋನಾಲಿ ಮಾತ್ರ ಚೌಕಟ್ಟು ಬಿಡಲಿಲ್ಲ.

ಏನಾಗಿದೆ ಅಂತ ಕೇಳಿದೆ. ಏನೂ ಇಲ್ಲ, ಆರಾಮ ಅದೀನಿ ಅಂದಳು.

ಈ ತಾಲೀಮಿನ ಹುಚ್ಚು ಅವಳಿಗೆ ಹತ್ತಿದ್ದು ಅಪ್ಪನಿಂದಲೇ. ನನ್ನ ಮಗ ಏಕನಾಥ ಅಡತ ಅಂಗಡಿಯಲ್ಲಿ ಹಮಾಲ. ತೊಗರಿ, ಸೋಯಾ ಚೀಲ ಹೊತ್ತು ಹೊತ್ತು ಅವನ ಬೆನ್ನು ಬಿಲ್ಲಾಗಿದೆ. ದಿನಾ ಸಂಜೆ ಬಂದು ಕೈಕಾಲು ತೊಳೆದು ನೆಲದ ಮೇಲೆ ಬೋರಲು ಮಲಗುವನು, ಮಗಳು ಬಲಗಾಲು ಇಡುವಳು, ಆರಾಮಾಯಿತು ಅಂತ ಎದ್ದು ಊಟಕ್ಕೆ ಕೂಡುವನು. ಚಿಕ್ಕವಳಿದ್ದಾಗ ಅಂಗಡಿಗೆ ಬುತ್ತಿ ಒಯ್ದವಳು ಯಾರೂ ನೋಡುತ್ತಿಲ್ಲ ಅಂದುಕೊಂಡು ಚೀಲಕ್ಕೆ ಹೆಗಲು ಕೊಟ್ಟು ನೋಡಿದ್ದಳಂತೆ. ಅದನ್ನು ನೋಡಿದ ಯಾರೋ ಹುಮನಾಬಾದಿನಲ್ಲಿ ಭಾರ ಎತ್ತುವ ತಾಲೀಮು ನಡೆಸುವ ಫಾಜಿಲ್ ಉಸ್ತಾದರ ಹೆಸರು ಹೇಳಿದರು. ಆಮೇಲೆ ದಿನಾ ಬೆಳಗ್ಗೆ ಬಂಗ್ಲಾ ಕ್ರಾಸಿನಲ್ಲಿ ಬಸ್ಸು ಹಿಡಿದು ಹುಮನಾಬಾದಿಗೆ ಹೋಗಿ, ಬಿಸಿಲೇರುವಷ್ಟರಲ್ಲಿ ಕಾಲೇಜಿಗೆ ಹಿಂತಿರುಗುವುದು ರೂಢಿಯಾಯಿತು.

ಫಾಜಿಲ್ ಉಸ್ತಾದರು ಹಿಂದೆ ಕುಸ್ತಿ ಆಡಿದವರು. ಬಲ ಭುಜ ಕೆಟ್ಟು ಕೈ ಪೂರ್ತಿ ಮೇಲೇಳುವುದಿಲ್ಲ. ಹೊಸದಾಗಿ ಬಂದವರಿಗೆಲ್ಲ ಆ ಕೈ ತೋರಿಸಿ, ನಮಾಜಿನಲ್ಲಿ ಇದು ಕಿವಿ ಮಟ್ಟ ಮುಟ್ಟುವುದಿಲ್ಲ, ನೋವು ಬ್ಯಾನಿ ಮುಚ್ಚಿಟ್ಟು ಆಡಿದ್ದಕ್ಕೆ ಹೀಗಾಯಿತು ಅನ್ನುತ್ತಿದ್ದರಂತೆ. ಅವರ ಪಾಠ ಸೋನಾಲಿಯ ಬಾಯಲ್ಲಿ ನನಗೂ ಪಾಠವಾಗಿತ್ತು. ಎರಡೂ ಕಡೆ ನೊಂದರೆ ಅದು ಮೆಹನತ್ತು, ಮಾಂಸದ ನೋವು, ತಾನೇ ಇಳಿಯುತ್ತದೆ. ಒಂದೇ ಕಡೆ, ಕೀಲಿನೊಳಗೆ, ಬೆರಳಿಟ್ಟು ತೋರಿಸುವ ಹಾಗೆ ನೊಂದರೆ ಅದು ಪೆಟ್ಟು. ಪೆಟ್ಟಾದರೆ ತಾಲೀಮು ಬಿಡಬೇಡ, ವಜನ ಬಿಡು. ಕಾಲು ನೊಂದರೆ ಕೈಯ ಕೆಲಸ ಮಾಡು. ಆಳಕ್ಕೆ ಕೂಡಲು ಆಗದಿದ್ದರೆ ಕುರ್ಚಿಯಷ್ಟು ಎತ್ತರಕ್ಕೆ ಕೂಡು. ಕಬ್ಬಿಣ ಮುಟ್ಟುವ ಮೊದಲು ಪ್ರತಿಯೊಬ್ಬರೂ ಅವರ ಮುಂದೆ ಬರಿಗೈಲೆ ಕುಂತು ಎದ್ದು ತೋರಿಸಬೇಕು. ಮುಖ ನೋಡಿಯೇ ಅವರು ಕಳಿಸುವರು ಇಲ್ಲ ತಡೆಯುವರು.

ಹೋದ ವರ್ಷ ಕಲಬುರ್ಗಿಯ ಪಂದ್ಯದಲ್ಲಿ ಸೋನಾಲಿ ಎತ್ತಿದ್ದನ್ನು ಸೊಲ್ಲಾಪುರದ ವಿಶಾಖಾ ಮೇಡಮ್ ನೋಡಿದ್ದರು. ಹುಡುಗಿಯರಿಗೆ ಭಾರ ಎತ್ತಲು ಕಲಿಸುವಾಕೆ, ಮನೆ ಮಾತು ಕನ್ನಡ. ತಮ್ಮಲ್ಲೇ ಇಟ್ಟುಕೊಂಡು ಕಲಿಸುತ್ತೇನೆ, ದೊಡ್ಡ ಪಂದ್ಯಗಳಿಗೆ ಒಯ್ಯುತ್ತೇನೆ ಅಂದರು. ಆದರೆ ಅವರದೊಂದು ಕಟ್ಟಳೆ. ಬರುವ ಮೊದಲು ಮೈಯಲ್ಲಿ ಎಲ್ಲೆಲ್ಲಿ ನೋವಿದೆ, ಯಾವಾಗಿನಿಂದ ಇದೆ ಅಂತ ಕೈಯಾರೆ ಬರೆದು ಟಪಾಲಿಗೆ ಹಾಕಬೇಕು. ಫೋನಿನಲ್ಲಿ ಕೇಳಿದರೆ ಎಲ್ಲರೂ ಆರಾಮ ಅದೀನ್ರಿ ಅನ್ನುತ್ತಾರೆ, ಬರೆಯಲು ಕೂತಾಗ ಸುಳ್ಳು ಹೇಳುವುದು ಕಷ್ಟ ಅಂದಿದ್ದರಂತೆ. ಸಂಕ್ರಾಂತಿ ಹೋಯಿತು, ಯುಗಾದಿ ಬಂತು. ಆ ಪತ್ರ ಹೋಗಲಿಲ್ಲ. ಬರೆಯುತ್ತೇನೆ ಅಂತ ಹೇಳುತ್ತಲೇ ಇದ್ದಳು.

ಸರುಬಾಯಿ ಬಂದು ಹೋದ ಮರುದಿನ ನಾನು ಹಿತ್ತಲಿಗೆ ನೀರು ತರಲು ಹೋದೆ. ಬಚ್ಚಲ ಕಲ್ಲಿನ ಮೇಲೆ ಸೋನಾಲಿ ಎಡಗಾಲು ಚಾಚಿ ಕೂತಿದ್ದಳು. ಮೊಣಕಾಲು ಬಾತಿತ್ತು. ಬಲಗಾಲು ಎತ್ತಿ, ಆ ಪಾದವನ್ನು ತನ್ನದೇ ಮೊಣಕಾಲಿನ ಮೇಲೆ ಇಟ್ಟಳು. ತೆಗೆದಳು. ಮತ್ತೆ ಇಟ್ಟಳು. ಕಣ್ಣು ಮುಚ್ಚಿಕೊಂಡಿದ್ದಳು. ಮೂರಾದ ಮೇಲೆ ಕಣ್ಣು ತೆರೆದು ನೋಡಿದರೆ ಎದುರಿಗೆ ನಾನು.

ಎಷ್ಟು ದಿನದಿಂದ ಅಂತ ಕೇಳಿದೆ. ದೀಪಾವಳಿಗಿಂತ ಮೊದಲಿನಿಂದ ಅಂದಳು. ಭಾರ ಹೊತ್ತು ಆಳಕ್ಕೆ ಕುಂತು ಏಳುವಾಗ ಒಳಗೆ ಏನೋ ಚಟಕ್ ಅಂದಿತಂತೆ. ಉಸ್ತಾದರ ಮುಂದೆ ಕುಂತು ಏಳುವಾಗ ಭಾರವೆಲ್ಲ ಬಲಗಾಲ ಮೇಲೆ ಹಾಕಿ, ನಗುತ್ತ ಎದ್ದು ತೋರಿಸುವುದನ್ನು ರೂಢಿ ಮಾಡಿಕೊಂಡಿದ್ದಳು.

"ಯಾಕ ಮುಚ್ಚಿಟ್ಟಿ?"

"ಏನಂತ ಹೇಳ್ಲಿ ಆಯಿ? ಊರ ಮಂದಿ ಉಳುಕು ಬಿಡಸಾಕಿಗೇ ಉಳುಕ್ಯದ ಅಂತ ಹೇಳ್ಲಾ? ಅಪ್ಪ ನನ್ನ ಕಾಲ ಮ್ಯಾಲ ಭರೋಸಾ ಇಟ್ಟು ಚೀಲ ಹೊರಾಕತ್ತಾನ. ಇದು ಸುಳ್ಳಂತ ಗೊತ್ತಾದ್ರ ನಾಳಿಂದ ಹ್ಯಾಂಗ ಹೊರ್ತಾನ?"

ಪಾಯಾಳುಗಳಿಗೆ ಉಳುಕಾಗುವುದಿಲ್ಲ ಅಂತ ನಮ್ಮಲ್ಲಿ ಗಟ್ಟಿ ನಂಬಿದವರು ಎಷ್ಟೋ ಜನ. ಆ ಮಾತು ಕೇಳುತ್ತ ಬೆಳೆದ ಹುಡುಗಿ, ನೋವನ್ನು ಕಳವು ಮಾಡಿ ತಂದವಳಂತೆ ಬಚ್ಚಲಲ್ಲಿ ಅಡಗಿಸಿಕೊಂಡು ಕೂತಿದ್ದಳು. ನಾನು ಅವಳ ಮೊಣಕಾಲಿಗೆ ತಣ್ಣೀರ ಬಟ್ಟೆ ಸುತ್ತಿದೆ. ಇವತ್ತೇ ಉಸ್ತಾದರಿಗೆ ಹೇಳಬೇಕು, ನೀನು ಹೇಳದಿದ್ದರೆ ನಾಳೆ ನಾನೇ ಹುಮನಾಬಾದಿಗೆ ಬರುತ್ತೇನೆ ಅಂದೆ. ಹೇಳುತ್ತೇನೆ ಅಂತ ನನ್ನ ಕೈ ಮುಟ್ಟಿ ಬಸ್ಸಿಗೆ ಹೋದಳು.

ಬಿಸಿಲು ಏರುವ ಮೊದಲೇ ಏಕನಾಥನ ಫೋನಿಗೆ ಉಸ್ತಾದರ ಕರೆ ಬಂತು. ನಾವಿಬ್ಬರೂ ಹುಮನಾಬಾದಿಗೆ ಹೋಗುವಷ್ಟರಲ್ಲಿ ಅವಳನ್ನು ಎಲುಬಿನ ಡಾಕ್ಟರ ಹತ್ತಿರ ಒಯ್ದಿದ್ದರು. ದವಾಖಾನೆಯ ಮೆಟ್ಟಿಲ ಮೇಲೆ ಫಾಜಿಲ್ ಉಸ್ತಾದರು ಬಿಳಿ ಗಡ್ಡಕ್ಕೆ ಸುಣ್ಣದಂಥ ಪುಡಿ ಮೆತ್ತಿಕೊಂಡೇ ಕೂತಿದ್ದರು. ಕೈ ಜಾರದಿರಲೆಂದು ಅವರಲ್ಲಿ ಹಚ್ಚಿಕೊಳ್ಳುವ ಪುಡಿ ಅದು. ನನ್ನನ್ನು ನೋಡಿ ಎದ್ದು ನಿಂತರು.

"ಕುಂತು ಎದ್ದು ತೋರ್ಸು ಬೇಟಾ ಅಂದೆ ಅಮ್ಮಾ. ತೋರ್ಸಿದ್ಲು. ನಗಕೋತ ತೋರ್ಸಿದ್ಲು. ಏನರೆ ಹೇಳೋದದ ಏನು ಅಂತ ಕೇಳ್ದೆ. ಇಲ್ಲ, ಆರಾಮ ಅದೀನ್ರಿ ಉಸ್ತಾದ್ ಅಂದ್ಲು."

ಅಷ್ಟು ಹೇಳಿ ಅವರು ಗೋಡೆಯ ಕಡೆ ತಿರುಗಿದರು. ವಜನದ ಸಮೇತ ಕೆಳಗೆ ಕುಂತವಳಿಗೆ ಏಳಲಾಗಲಿಲ್ಲವಂತೆ. ಮೊಣಕಾಲು ಒಳಕ್ಕೆ ಹೊರಳಿ ಬಿದ್ದಳಂತೆ.

ಡಾಕ್ಟರು ಚಿತ್ರ ತೆಗೆಸಿ ನಮಗೆ ಬಿಡಿಸಿ ಹೇಳಿದರು. ಕೀಲಿನೊಳಗಿನ ಮೆತ್ತೆ ಮೊದಲೇ ಹರಿದಿತ್ತು. ಆಗಲೇ ಬಂದು, ಭಾರ ಇಳಿಸಿ, ಸುತ್ತಲಿನ ಮಾಂಸ ಗಟ್ಟಿ ಮಾಡಿಕೊಂಡಿದ್ದರೆ ಸುಧಾರಿಸುವ ಪೆಟ್ಟು. ಈಗ ಎಲುಬಿಗೆ ಎಲುಬು ಹಿಡಿದಿಡುವ ಕಟ್ಟು ಕೂಡ ಹರಿದಿದೆ, ಆಪರೇಶನ್ ಬೇಕು. ನಡೆಯುತ್ತಾಳೆ, ಮನೆಗೆಲಸ ಮಾಡುತ್ತಾಳೆ. ಪಂದ್ಯದ ಭಾರ ಹೊತ್ತು ಆಳಕ್ಕೆ ಕೂಡುವುದನ್ನು ಮರೆಯಬೇಕು. ಏಕನಾಥ ಎಲ್ಲ ಕೇಳಿಕೊಂಡು, "ಸಾಹೇಬ್ರ, ನನ್ನ ಮಗಳು ಪಾಯಾಳು ಅದಾಳ್ರಿ" ಅಂದ. ಡಾಕ್ಟರಿಗೆ ಅದು ತಿಳಿಯಲಿಲ್ಲ. ಔಷಧದ ಚೀಟಿ ಬರೆದುಕೊಟ್ಟರು.

ಕಲಬುರ್ಗಿಯಲ್ಲಿ ಆಪರೇಶನ್ ಆಯಿತು. ಮನೆಗೆ ಬಂದ ಮೇಲೆ ಸೋನಾಲಿ ಮಂಚ ಹಿಡಿದಳು. ಮಳೆ ಶುರುವಾಗಿ, ಸೊಸೆ ದಿನಾ ಕೂಲಿಗೆ ಹೋಗತೊಡಗಿದಳು. ಉಸ್ತಾದರು ವಾರಕ್ಕೊಮ್ಮೆ ಬಸ್ಸಿಗೆ ಬಂದು, ಮಲಗಿದಲ್ಲೇ ತೊಡೆ ಬಿಗಿ ಹಿಡಿದು ಬಿಡುವುದು, ಕಾಲು ನೆಟ್ಟಗೆ ಎತ್ತುವುದು ಹೇಳಿಕೊಡುವರು. ಅವಳು ಹೇಳಿದಷ್ಟು ಮಾಡುವಳು. ಎಡ ತೊಡೆ ನನ್ನ ತೋಳಿನಷ್ಟಾಗಿತ್ತು. ಉಳುಕಿದವರು ಬಾಗಿಲಿಗೆ ಬಂದರೆ ನಾನೇ ಹಿಂದಕ್ಕೆ ಕಳಿಸುತ್ತಿದ್ದೆ. ಏಕನಾಥನೂ ಸಂಜೆ ಬಂದರೆ ನೆಲಕ್ಕೆ ಮಲಗುವುದನ್ನು ಬಿಟ್ಟ. ಗೋಡೆಗೆ ಬೆನ್ನು ಹಚ್ಚಿ ಕೂತು, ಕೂತಲ್ಲೇ ಉಣ್ಣುವನು.

ಒಂದು ಸಂಜೆ ಅವನು ಹೊಸ್ತಿಲು ದಾಟುವಾಗ ಎರಡೂ ಕೈಯಿಂದ ಬಾಗಿಲು ಹಿಡಿದದ್ದನ್ನು ಸೋನಾಲಿ ಮಂಚದ ಮೇಲಿಂದ ನೋಡಿದಳು.

"ಅಪ್ಪಾ, ಇಲ್ಲಿ ಮಂಚದ ಬುಡಕ್ಕ ಮಲ್ಕೋ" ಅಂದಳು.

ಬೇಡ ಅಂದ. ಅವಳು ಮತ್ತೆ ಕರೆದಳು. ಮಲಗಿದ. ಮಂಚದ ಅಂಚಿಗೆ ಕೂತು, ಕಟ್ಟಿದ ಎಡಗಾಲನ್ನು ಬದಿಗೆ ಸರಿಸಿ, ಬಲಗಾಲು ಇಳಿಬಿಟ್ಟು ಅವನ ಬೆನ್ನ ಮೇಲೆ ಇಟ್ಟಳು. ನಿಂತು ಒತ್ತುವ ಕಾಲಲ್ಲ ಈಗ ಅದು, ಬರೀ ಇಟ್ಟ ಕಾಲು. ಮೂರು ಸಲ ಆಯಿತು.

"ಬಿಡ್ತೇನು?"

"ಬಿಡ್ತವ್ವ. ಆರಾಮಾತು."

ಹಾಗಂದವನು ಏಳಲು ಹೋದ. ಮಂಚದ ಕಾಲು ಹಿಡಿದ, ಮೊಣಕೈ ಊರಿದ, ಏಳಲಾಗದೆ ಮತ್ತೆ ಕೆನ್ನೆಯನ್ನು ನೆಲಕ್ಕಿಟ್ಟ. ಅವಳು ಬಗ್ಗಿ ಅವನ ಮುಖ ನೋಡಿದಳು.

"ಯಾಕ ಸುಳ್ಳ ಹೇಳ್ತಿ ಅಪ್ಪಾ?"

ಏಕನಾಥ ನೆಲದ ಮೇಲಿಂದಲೇ ಹೇಳಿದ. "ಇಷ್ಟು ವರ್ಷ ಹೇಳೀನಿ. ಬೆನ್ನು ಎಂದ ಬಿಟ್ಟದ ಅದು? ನೀ ಸಣ್ಣಾಕಿ ಇದ್ದಿ. ಆರಾಮಾತು ಅಂದ್ರ ಕುಣಿತಿದ್ದಿ. ಹಂಗ ಹೇಳಕೋತ ಬಂದೆ."

ಸೋನಾಲಿಯ ಪಾದ ಇನ್ನೂ ಅಪ್ಪನ ಬೆನ್ನ ಮೇಲೆಯೇ ಇತ್ತು, ತೆಗೆಯುವುದನ್ನು ಮರೆತಿದ್ದಳು. ಆಮೇಲೆ ಅತ್ತಳು. ಆಪರೇಶನ್ನಿಗೆ ಒಯ್ದಾಗಲೂ ಅಳದವಳು. ಅವನು ಕೈಯನ್ನು ಹಿಂದಕ್ಕೆ ತಂದು ಆ ಪಾದವನ್ನು ಹಿಡಿದುಕೊಂಡ. ನಾನು ಒಲೆಯ ಮುಂದೆ ಇದ್ದೆ, ತವೆಯ ಮೇಲಿನ ರೊಟ್ಟಿ ಕಪ್ಪಗಾಯಿತು. ಅಪ್ಪ ಮಗಳಿಗಾಗಿ ಮುಚ್ಚಿಟ್ಟ, ಮಗಳು ಅಪ್ಪನಿಗಾಗಿ ಮುಚ್ಚಿಟ್ಟಳು. ನಡುವೆ ಆ ಮೊಣಕಾಲು ಹೋಯಿತು. ಇದನ್ನು ನಾನು ಯಾರಿಗೆ ಬೈದು ಹೇಳಲಿ.

ಮರುದಿನ ಬೆಳಗ್ಗೆ ಅವಳು ಹಾಳೆ ಕೇಳಿದಳು. ವಿಶಾಖಾ ಮೇಡಮ್ಮಿಗೆ ಎಲ್ಲ ಸುದ್ದಿ ಉಸ್ತಾದರು ಯಾವಾಗಲೋ ತಿಳಿಸಿರುತ್ತಾರೆ, ಇನ್ನು ಯಾಕೆ ಅಂದೆ. ಅವರು ಕೇಳಿದ್ದು ನನ್ನನ್ನು ಅಂದಳು. ಬರೆದು ಮುಗಿಸಿ ನನ್ನ ಕೈಗೆ ಕೊಟ್ಟಳು. ನಿಧಾನಕ್ಕೆ ಓದಿದೆ.

ಎಡ ಮೊಣಕಾಲು, ಒಳಬದಿ. ದೀಪಾವಳಿಗಿಂತ ಮೊದಲಿನಿಂದ. ಮೊದಮೊದಲು ಮೆಟ್ಟಿಲಿಳಿಯುವಾಗ, ಆಮೇಲೆ ಕುಂತು ಏಳುವಾಗ, ಆಮೇಲೆ ಮಲಗಿದಾಗಲೂ. ಉಸ್ತಾದರು ದಿನಾ ಕೇಳಿದರು, ದಿನಾ ಸುಳ್ಳು ಹೇಳಿದೆ, ಅವರ ತಪ್ಪಿಲ್ಲ. ನಾನು ಪಾಯಾಳು, ನನಗೆ ಉಳುಕಬಾರದು ಅಂತ ತಿಳಿದಿದ್ದೆ. ಈಗ ನಿಮ್ಮ ಹತ್ತಿರ ಬರಲಾಗುವುದಿಲ್ಲ. ನನ್ನ ಜಾಗ ಬೇರೆ ಹುಡುಗಿಗೆ ಕೊಡಿರಿ. ಇಷ್ಟೇ ಇತ್ತು. ಕೊನೆಗೆ ಆರಾಮ ಅಂತ ಬರೆದು ಅದನ್ನು ಹೊಡೆದುಹಾಕಿದ್ದಳು.

ಅಂಗಡಿಗೆ ಹೋಗುವಾಗ ಹಾಕುತ್ತೇನೆ ಅಂತ ಏಕನಾಥ ಕೈ ಚಾಚಿದ. ಅವಳು ಕೊಡಲಿಲ್ಲ. ಕಂಕುಳಿಗೆ ಊರುಗೋಲು, ಇನ್ನೊಂದು ಕೈ ನನ್ನ ಹೆಗಲ ಮೇಲೆ. ಆಟೋದಿಂದ ಇಳಿದು ಟಪಾಲು ಕಚೇರಿಯ ಮುಂದಿನ ಕೆಸರು ದಾಟುವುದಕ್ಕೇ ಹೊತ್ತಾಯಿತು. ಎಲ್ಲಿ ನೋಯುತ್ತದೆ ಅಂತ ನಡುನಡುವೆ ಕೇಳಿದೆ. ಇಲ್ಲಿ ಅಂತ ಬೆರಳಿಟ್ಟು ತೋರಿಸಿದಳು, ನಿಂತೆವು, ಮತ್ತೆ ನಡೆದೆವು.

ಕೆಂಪು ಡಬ್ಬಿಯ ಬಾಯೊಳಗೆ ಅರ್ಧ ಕೈ ಹಾಕಿ ಪತ್ರವನ್ನು ಒಂದು ಗಳಿಗೆ ಹಿಡಿದೇ ನಿಂತಳು. ರಸ್ತೆಯಲ್ಲಿ ಕಬ್ಬಿಣ ಹೇರಿದ ಲಾರಿ ಹೋಗುತ್ತಿತ್ತು, ಪತ್ರ ಒಳಗೆ ಬಿದ್ದ ಸಪ್ಪಳ ನನಗೆ ಕೇಳಿಸಲಿಲ್ಲ. ಕೈ ಬರಿದಾಗಿ ಹೊರಗೆ ಬಂತು.

"ಹೋತು ಆಯಿ" ಅಂದಳು.