ಬುಧವಾರದ ಸಹಿ

ಎರಡೂ ಪುಸ್ತಕಗಳನ್ನು ಯಾರಾದರೂ ಒಂದೇ ಮೇಜಿನ ಮೇಲೆ ತೆರೆದಿಟ್ಟರೆ? ಇಡುವವರಾದರೂ ಯಾರು? ಗಡಹಿಂಗ್ಲಜದ ಕಾಲೇಜಿನ ಹಾಜರಿ ಪುಸ್ತಕ ಗಡಹಿಂಗ್ಲಜದಲ್ಲೇ ಇದೆ. ಇಚಲಕರಂಜಿಯ ಔಷಧ ಅಂಗಡಿಯದು ಒಳಗೆ ಅಧಿಕಾರಿಯ ಮುಂದಿದೆ. ಎರಡರಲ್ಲೂ ಅದೇ ಬುಧವಾರ, ಅದೇ ಸಹಿ. ನಿಜ ಹೇಳಿಬಿಟ್ಟರೆ ಎದೆ ಹಗುರಾದೀತೇ? ಹಗುರಾದ ಎದೆ ಹೊತ್ತುಕೊಂಡು ಕೆಲಸವಿಲ್ಲದೆ ಮನೆಯಲ್ಲಿ ಕೂರಬೇಕಾದೀತೇ? ಕೊಲ್ಹಾಪುರದ ಔಷಧ ನಿಯಂತ್ರಣ ಕಚೇರಿಯ ಬೆಂಚಿನ ಮೇಲೆ ಕೂತು ಸುಮಿತ ಇದನ್ನೇ ಹೊರಳಿಸುತ್ತಿದ್ದ.

ಅವನು ಫಾರ್ಮಸಿ ಓದಿದವನು, ಗಡಹಿಂಗ್ಲಜದಲ್ಲಿ ಅದನ್ನೇ ಕಲಿಸುವವನು. ಆದರೆ ಅವನ ನೋಂದಣಿ ಪತ್ರ ನಾಲ್ಕು ವರ್ಷಗಳಿಂದ ಇಚಲಕರಂಜಿಯ ಬಾಪೂಸಾಹೇಬರ ಅಂಗಡಿಯ ಗೋಡೆಗೆ ತೂಗುತ್ತಿತ್ತು. ಫಾರ್ಮಸಿಸ್ಟ್ ಇಲ್ಲದೆ ಡಾಕ್ಟರ ಚೀಟಿಯ ಔಷಧ ಕೊಡಕೂಡದು. ಹೇಗೆ ತಗೊಳ್ಳಬೇಕೆಂದು ಅವನೇ ಹೇಳಬೇಕು. ಇದು ನಿಯಮ. ತರಗತಿಯಲ್ಲಿ ಈ ನಿಯಮವನ್ನು ಹುಡುಗರಿಂದ ಬಾಯಿಪಾಠ ಮಾಡಿಸುತ್ತಿದ್ದವನೂ ಅವನೇ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗಿ, ಬರುವ ವಾರದ ಆರೂ ದಿನದ ಸಹಿ ಒಂದೇ ಬೀಸಿಗೆ ಹಾಕಿ, ಚಹಾ ಕುಡಿದು ಬರುತ್ತಿದ್ದ.

ಜುಲೈ ತಿಂಗಳ ಆ ಬುಧವಾರ ಮಗ್ಗದ ಕೆಲಸಗಾರ ಗುರಣ್ಣ, ಹೆಂಡತಿ ಹೌಸಾಬಾಯಿಯ ಕೀಲುನೋವಿಗೆ ಚೀಟಿ ತಂದಿದ್ದ. ವಾರಕ್ಕೆ ಒಂದೇ ನುಂಗಬೇಕಾದ ಗುಳಿಗೆ. ಡಾಕ್ಟರು ಅದನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಬಾಪೂಸಾಹೇಬರು ಗಿರಾಕಿಗಳ ಗದ್ದಲದಲ್ಲಿ ಗುಳಿಗೆ ಕೊಟ್ಟರು, ಹೇಗೆ ನುಂಗಬೇಕೆಂಬ ಮಾತು ಕೊಡಲಿಲ್ಲ. ಗುರಣ್ಣ ದಿನಕ್ಕೊಂದರಂತೆ ನುಂಗಿಸಿದ. ಹತ್ತನೇ ದಿನ ಆಕೆಯ ಬಾಯಿ ತುಂಬ ಹುಣ್ಣು. ಇಪ್ಪತ್ತನೇ ದಿನ ಆಕೆ ಇರಲಿಲ್ಲ. ಅದರ ವಿಚಾರಣೆಗೇ ಇವತ್ತು ಮೂವರನ್ನೂ ಕರೆಸಿದ್ದರು.

"ಘಾಬರೂ ನಕಾ, ಗಾಬರಿ ಆಗಬ್ಯಾಡ್ರಿ ಸರ್," ಬಾಪೂಸಾಹೇಬರು ಬೆಂಚಿನ ಮೇಲೆ ಅವನ ಪಕ್ಕಕ್ಕೆ ಸರಿದು ಕೂತರು. "ವಾರಕ್ಕ ಒಂದಽ ಅಂತ ಹೇಳಿ ಕೊಟ್ಟೀನಿ ಅನ್ರಿ. ಮುಗೀತು."

"ನಾ ಹೇಳಿಲ್ಲಲ್ರಿ ಕಾಕಾ. ನೀವೂ ಹೇಳಿಲ್ಲ."

"ಹೌದ್ರಿ. ಹಂಗಾರ ಒಳಗ ಹೋಗಿ, ನಾ ಗಡಹಿಂಗ್ಲಜದಾಗ ಇದ್ದೆ ಅನ್ರಿ. ನನ್ನ ಲೈಸೆನ್ಸ್ ಹೋಗ್ತೈತಿ, ನಿಮ್ಮ ನೋಂದಣಿ ಹೋಗ್ತೈತಿ. ಕಾಲೇಜಿನವ್ರು ನಿಮಗ ಆರತಿ ಎತ್ತತಾರೇನು? ನಾಕ್ ವರ್ಷ ನಮ್ಮ ಚಹಾ ಕುಡದು, ಈಗ ಹರಿಶ್ಚಂದ್ರ ಆಗಾಕ ಹೊಂಟ್ರಿ!"

ಅಷ್ಟರಲ್ಲಿ ಸುಮಿತನನ್ನು ಒಳಗೆ ಕರೆದರು.

ಅಧಿಕಾರಿ ಪ್ರಿಯದರ್ಶನಿ ಚಂದಗಡದ ಕಡೆಯವರು, ಕನ್ನಡ ಬಲ್ಲವರು. ಪುಸ್ತಕವನ್ನು ಅವನತ್ತ ತಿರುಗಿಸಿದರು.

"ಈ ಸಹಿ ನಿಮ್ಮದಽ ಏನ್ರಿ?"

"ಹೌದ್ರಿ."

"ಗುಳಿಗಿ ಹೆಂಗ ತಗೋಬೇಕಂತ ಇವರಿಗೆ ಹೇಳಿದ್ರಿ?"

ಗುರಣ್ಣ ಗೋಡೆಗೆ ಆತು ನಿಂತಿದ್ದ. ಸುಮಿತ ಅವನನ್ನು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದ.

"ಹೇಳಿದ್ದೆ," ಎಂದ. "ವಾರಕ್ಕ ಒಂದಽ ಅಂತ ಹೇಳಿದ್ದೆ."

ದನಿ ನಡುಗಲಿಲ್ಲ. ಅದೇ ಅವನಿಗೆ ಆಶ್ಚರ್ಯ.

ಅಧಿಕಾರಿ ಗುರಣ್ಣನ ಕಡೆ ನೋಡಿದರು. ಅವನು ಸುಮಿತನ ಮುಖವನ್ನು ಬಹಳ ಹೊತ್ತು ಹುಡುಕಿದ.

"ಇವ್ರ ಮಾರಿ ನೆನಪಿಗೆ ಬರ್ವಲ್ತರಿ ಬಾಯಾರ. ರಾತ್ರಿ ಪಾಳಿ ಮುಗಿಸಿ ಹಂಗಽ ಹೋಗಿದ್ದೆ, ನಿದ್ದಿಗಣ್ಣು. ಸಹಿ ಐತಿ ಅಂದ್ರ ಇದ್ದಾರು. ಇದ್ದವ್ರು ಹೇಳದಽ ಬಿಡ್ತಾರೇನ್ರಿ?"

ಅಧಿಕಾರಿಯ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಬರೆಯಿತು.

ಗೇಟಿನ ಹೊರಗೆ ಬಾಪೂಸಾಹೇಬರು ಗಾಡಿ ತರಲು ಹೋದಾಗ ಗುರಣ್ಣ ಹಿಂದಿನಿಂದ ಬಂದ.

"ಸರ, ಒಂದು ಮಾತು. ನೀವು ಹೇಳಿದಾಗ ನಾ ಹೂಂ ಅಂದಿದ್ನೇನ್ರಿ?"

ಸುಮಿತ ರಸ್ತೆ ನೋಡಿದ.

"ನಾನಽ ಕೈಯಾರೆ ನುಂಗಿಸೀನ್ರಿ. ಬಾಯಿ ಉರೀತೈತಿ, ಇವತ್ತ ಬ್ಯಾಡ ಅಂದ್ಲು. ಗುಳಿಗಿ ತಪ್ಪಿಸಿದ್ರ ಗುಣ ಆಗೂದಿಲ್ಲ ಅಂತ ಬೈದು ನುಂಗಿಸೀನಿ. ಮಗಳು ಸಪನಾ ಮನ್ಯಾಗ ಹಾದಿ ಕಾಯಾಕತ್ತಾಳ. ಹೋಗಿ ಏನ್ ಹೇಳ್ಲಿ? ಅವ್ರು ಹೇಳಿದ್ರು, ನಾನಽ ಮರತೆ ಅಂತ ಹೇಳ್ಲೇನ್ರಿ?"

ಗಾಡಿಯ ಹಾರ್ನ್ ಎರಡು ಸಲ ಕೂಗಿತು.

"ಅವತ್ತ ಗದ್ದಲ ಭಾಳ ಇತ್ತರಿ," ಎಂದ ಸುಮಿತ. "ನನಗೂ ನೆನಪಿಲ್ಲ."

"ಇರ್ಲಿ ಬಿಡ್ರಿ. ನಿಮಗೂ ಸಾವಿರ ಗಿರಾಕಿ." ಗುರಣ್ಣ ಕೈ ಮುಗಿದ.

ಅಂಗಡಿಗೆ ಎಚ್ಚರಿಕೆಯ ಪತ್ರ ಬಂತು. ನೋಂದಣಿ ಉಳಿಯಿತು, ಕಾಲೇಜೂ ಉಳಿಯಿತು. ಶನಿವಾರದ ಬಸ್ಸು ತಪ್ಪಲಿಲ್ಲ. ಅಂಥದೊಂದು ಶನಿವಾರ ಗುರಣ್ಣ ಮಗಳ ಜ್ವರಕ್ಕೆ ಚೀಟಿ ಹಿಡಿದು ಬಂದ. ಸುಮಿತ ತಾನೇ ಎದ್ದು ಗುಳಿಗೆ ಕೊಟ್ಟ.

"ದಿನಾ ಎಷ್ಟರಿ?"

"ಮುಂಜಾನೆ ಒಂದು, ರಾತ್ರಿ ಒಂದು. ಮೂರು ದಿನ."

"ಮುಂಜಾನೆ ಒಂದು, ರಾತ್ರಿ ಒಂದು." ಮೆಟ್ಟಿಲು ಇಳಿದವನು ಮತ್ತೆ ಹತ್ತಿ ಬಂದ. "ಮೂರಽ ದಿನ ಏನ್ರಿ? ಸಿಟ್ಟಾಗಬ್ಯಾಡ್ರಿ ಸರ. ನನ್ನ ತಲೀ ಮ್ಯಾಲ ನನಗಽ ಭರೋಸಾ ಇಲ್ಲ. ಅದಕ್ಕಽ ಇಲ್ಲಿಗೇ ಬರ್ತೀನಿ. ನೀವಾದ್ರ ಹೇಳಿ ಕೊಡ್ತೀರಿ."

ಸುಮಿತ ಮತ್ತೊಮ್ಮೆ ಬಿಡಿಸಿ ಹೇಳಿದ. ಆಮೇಲೂ ಗುರಣ್ಣ ಎಷ್ಟೋ ಸಲ ಬಂದ, ಎಷ್ಟೋ ಗುಳಿಗೆಗಳ ಲೆಕ್ಕ ಕೇಳಿದ. ಸುಮಿತನೂ ಬೇಸರಿಸದೆ ಹೇಳಿದ. ಆ ಬುಧವಾರ ತಾನು ಅಂಗಡಿಯಲ್ಲಿ ಇರಲೇ ಇಲ್ಲ, ವಾರಕ್ಕೆ ಒಂದು ಎಂದು ಗುರಣ್ಣನಿಗೆ ಯಾರೂ ಹೇಳಿರಲಿಲ್ಲ ಎಂಬುದನ್ನು ಮಾತ್ರ ಸುಮಿತ ಅವನಿಗೆ ಎಂದೂ ಹೇಳಲಿಲ್ಲ.