ಏಳು ದಿನದ ಮನೆ

ತಾಯಿ ಎರ್ಮೆಲಿಂದಳ ಚಾದರ ಒಗೆದು ಕಿಟಕಿಯಾಚೆಯ ತಂತಿಗೆ ಹಾಕುತ್ತಿದ್ದಾಗ ಜಾಸಿಂತಳಿಗೆ ಬಾಗಿಲ ದಾರ ಎಳೆದ ಸದ್ದು ಕೇಳಿಸಿತು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ತಿರುಗಿದಳು. ಬಂದವನು ಬಾಡಿಗೆ ಮನೆಯ ಯಜಮಾನರ ಕಡೆಯ ತೆಲ್ಮು.

ಲಿಸ್ಬನ್ನಿನ ಆ ಗುಡ್ಡದ ಓಣಿಯಲ್ಲಿ ಹಗಲು ಯಾರೂ ಬೀಗ ಹಾಕುತ್ತಿರಲಿಲ್ಲ. ಚಿಲಕಕ್ಕೆ ಕಟ್ಟಿದ ದಾರ ಬಾಗಿಲ ತೂತಿನಿಂದ ಹೊರಗೆ ಇಳಿಬಿದ್ದಿರುತ್ತಿತ್ತು. ಎಳೆದು ಒಳಗೆ ಬಂದವರು ಮನೆಯವರೇ. ತೆಲ್ಮು ಆರು ತಿಂಗಳಿಂದ ಹಾಗೇ ಬರುತ್ತಿದ್ದ. ಮುದುಕಿಯ ಜೊತೆ ಇಸ್ಪೀಟಾಡಿ ಬೇಕೆಂದೇ ಸೋಲುತ್ತಿದ್ದ.

"ಬಂದ್ಯಾ? ಎಲೆಕೋಸಿನ ಸಾರಿನ ವಾಸ್ನೆ ಅಲ್ಲೀವರೆಗೂ ಹೊಡೀತಾ?" ಎಂದಳು ಎರ್ಮೆಲಿಂದ, ಹಾಸಿಗೆಯಲ್ಲೇ ಕೆಮ್ಮುತ್ತ.

"ನಿನ್ನ ಕೆಮ್ಮು ಕೇಳಿಸ್ತು ಅಜ್ಜಿ. ಚಾವಣಿ ಸೋರ್ತಿದ್ರೆ ಇನ್ನೇನಾಗುತ್ತೆ? ರಿಪೇರಿಗೆ ಯಜಮಾನ್ರು ಒಪ್ಪಿದಾರೆ. ಜಾಸಿಂತಕ್ಕ, ಎರಡು ತಿಂಗಳು ನದಿ ಆಚೆ ನಿನ್ನ ತಂಗಿ ಮನೇಲಿದ್ದು ಬನ್ನಿ. ಇಲ್ಲಿ ಅಜ್ಜೀದೊಂದು ಸಹಿ ಸಾಕು."

ಎಂಟು ವರ್ಷದ ಲೀವಿಯ ಕಾಗದದ ಕಡೆ ಕತ್ತು ಚಾಚಿದಳು.

"ದೊಡ್ಡೋರ ಮಧ್ಯೆ ಮೂಗು ತೂರಿಸ್ಬೇಡ ಕಣೇ," ಎಂದು ಜಾಸಿಂತ ಮಗಳನ್ನು ಗದರಿದಳು. ದಾರ ಎಳೆದು ಬಂದವನ ಎದುರು ಕಾಗದ ಓದಿ ನೋಡುವುದೆಂದರೆ ಅವನ ಮುಖಕ್ಕೆ ಹೊಡೆದ ಹಾಗೆ. ಮುದುಕಿ ಸಹಿ ಹಾಕಿದಳು.

ಮನೆಯನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ ಎಂದು ಅದರಲ್ಲಿತ್ತು. ಐವತ್ತೆರಡು ವರ್ಷ ಬಾಡಿಗೆಗಿದ್ದ ಮುದುಕಿಯನ್ನು ಎಬ್ಬಿಸಲು ಕಾನೂನು ಬಿಡುತ್ತಿರಲಿಲ್ಲ. ಅವಳಾಗಿಯೇ ಎದ್ದು ಹೋಗಬೇಕಿತ್ತು.

ನದಿಯಾಚೆ ಎರ್ಮೆಲಿಂದ ಊಟ ಬಿಟ್ಟಳು. "ನನ್ನ ಮನೇಲಿ ನನ್ನ ಮಲಗಿಸು ಮಗಳೇ. ಆಮೇಲೆ ಪ್ರಾಣ ಹೋದ್ರೂ ಹೋಗ್ಲಿ," ಎಂಬುದೊಂದೇ ಮಾತು. ಎರಡು ತಿಂಗಳು ತುಂಬಿದ ದಿನವೇ ಜಾಸಿಂತ ಲೀವಿಯಳನ್ನೂ ಕರೆದುಕೊಂಡು ತಾಯಿಯನ್ನು ದೋಣಿ ಹತ್ತಿಸಿದಳು. ಗುಡ್ಡದ ಮೆಟ್ಟಿಲುಗಳಲ್ಲಿ ಕೂರಿಸುತ್ತ, ಎಬ್ಬಿಸುತ್ತ ಕರೆತಂದಳು.

ಬಾಗಿಲು ಹೊಸದು. ತೂತಿರಲಿಲ್ಲ. ಹಿತ್ತಾಳೆಯ ಬೀಗ ಬಿದ್ದಿತ್ತು. ಕೂಗಿ ಕೂಗಿ ಸಾಕಾದ ಮೇಲೆ ತೆಲ್ಮು ಬಂದ.

"ಮನೆ ಬಿಟ್ಟುಕೊಟ್ಟೆ ಅಂತ ನಿಮ್ಮ ತಾಯಿ ಸಹಿ ಹಾಕಿದಾರೆ. ಮಾರಿ ಆಯ್ತು ಮೇಡಂ. ದೂರದೇಶದ ಸಾಹುಕಾರ್ರು ತಗೊಂಡ್ರು."

"ಮೇಡಮ್ಮಾ? ಎರಡು ತಿಂಗಳ ಹಿಂದೆ ಅಕ್ಕ ಆಗಿದ್ನಲ್ಲೋ! ಅವ್ರನ್ನ ಕರಿ. ಕಾಲಿಗೆ ಬಿದ್ದಾದ್ರೂ ಕೇಳ್ತೀನಿ."

"ಅವ್ರು ಇಲ್ಲಿಗೆ ಬರಲ್ಲ. ಅವ್ರಿಗೆ ಬೇಕಿದ್ದು ಮನೆ ಅಲ್ಲ, ಈ ದೇಶದಲ್ಲಿ ಇರೋ ಪರವಾನಗಿ. ಇಂಥಾ ಮನೆ ಕೊಂಡ್ರೆ ಸರ್ಕಾರ ಕೊಡುತ್ತೆ. ವರ್ಷಕ್ಕೆ ಏಳು ದಿನ ದೇಶದಲ್ಲಿದ್ರೆ ಸಾಕು. ಅದಕ್ಕೂ ಹೋಟೆಲಲ್ಲೇ ಇಳ್ಕೋತಾರಂತೆ."

ಎದುರು ಮನೆಯ ಅದೆಲೈದ ಕಿಟಕಿಯಿಂದ ಬಗ್ಗಿದಳು. "ಥೂ ನಿನ್ನ! ನನ್ನ ದಾರಾನೂ ಎಳೀತಿದ್ಯಲ್ಲೋ. ನಂಗೆ ಯಾವಾಗ ತರ್ತೀಯಾ ಕಾಗದ?" ಎಂದವಳೇ ಒಳಗೆ ಹೋದಳು. ಅವಳ ಬಾಗಿಲ ದಾರ ಸರ್ರನೆ ಒಳಗೆ ಸರಿಯಿತು. ಪಕ್ಕದ ಮನೆಯದೂ ಸರಿಯಿತು. ಅದರಾಚೆಯದೂ. ಅಷ್ಟು ವರ್ಷದಲ್ಲಿ ಜಾಸಿಂತ ಆ ಓಣಿಯಲ್ಲಿ ಅಗಳಿ ಬಿದ್ದ ಸದ್ದನ್ನು ಹಾಡಹಗಲು ಕೇಳಿರಲಿಲ್ಲ.

ಎರ್ಮೆಲಿಂದ ಹೊಸ್ತಿಲಿಗೆ ಒರಗಿ ಕುಳಿತಿದ್ದಳು. ಉಸಿರು ಎಳೆದು ಎಳೆದು ಬರುತ್ತಿತ್ತು. ಜಾಸಿಂತ ತನ್ನ ಶಾಲು ತೆಗೆದು ಅವಳಿಗೆ ಹೊದಿಸಿದಳು.

ಕಿಟಕಿಯ ಗಾಜಿಗೆ ಹಣೆಯೊತ್ತಿ ಒಳಗಿನ ಬಿಳಿ ಗೋಡೆಗಳನ್ನೇ ನೋಡುತ್ತಿದ್ದ ಲೀವಿಯ ಬಂದು ತೆಲ್ಮುವಿನ ಕೋಟು ಜಗ್ಗಿದಳು.

"ಮಾಮ, ಒಳಗೆ ಯಾರೂ ಇಲ್ವಲ್ಲ. ಅಜ್ಜಿ ಯಾಕೆ ಅಲ್ಲಿ ಮಲಗಬಾರ್ದು?"