ಫುಕಿ ಊಟ ಮುಟ್ಟದ ಹನ್ನೊಂದು ದಿನ

ಫುಕಿಯ ಬಟ್ಟಲು ಅಂದೂ ತುಂಬಿದ್ದ ಹಾಗೇ ವಾಪಸ್ ಬಂತು. ಅನ್ನ ಮುಟ್ಟಿಲ್ಲ, ಕುಂಬಳಕಾಯಿ ಮುಟ್ಟಿಲ್ಲ, ಮಿಸೊ ಸಾರು ಆರಿ ತಣ್ಣಗಾಗಿದೆ. ಅವಳು ಶಿಶುವಿಹಾರಕ್ಕೆ ಸೇರಿ ಅದು ಹನ್ನೊಂದನೇ ದಿನ. ಎರಡು ಗುಟುಕು ಹಾಲು ಬಿಟ್ಟರೆ ಇಲ್ಲಿ ಏನೂ ಅವಳ ಹೊಟ್ಟೆಗೆ ಹೋಗಿರಲಿಲ್ಲ.

ನಾನು ಮಸುನೊ. ಮುತ್ಸು ಕೊಲ್ಲಿಯ ದಡದ ನಮ್ಮೂರ ಶಿಶುವಿಹಾರದಲ್ಲಿ ಹತ್ತೊಂಬತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ. ಅಡುಗೆ ಹೀಗೆ ವಾಪಸ್ ಬಂದರೆ ನನಗೆ ಸಿಟ್ಟು ಬರುತ್ತದೆ, ಸುಳ್ಳು ಯಾಕೆ ಹೇಳಲಿ? ಆದರೆ ಎರಡು ವರ್ಷದ ಕೂಸು ಬಾಗಿಲನ್ನೇ ನೋಡುತ್ತ ಕೂತಿದ್ದರೆ ಯಾರ ಮೇಲೆ ಸಿಟ್ಟು ಮಾಡುವುದು?

ಫುಕಿಯ ಅಮ್ಮ ಚಿಅಕಿ ಚಿಪ್ಪುಮೀನು ಬಿಡಿಸುವ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಾಳೆ. ಮಗು ಅಳು ನಿಲ್ಲಿಸುತ್ತಿಲ್ಲ ಎಂದು ಎರಡು ಸಲ ಫೋನ್ ಹೋಗಿ, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದಿದ್ದಳು. ಇನ್ನೊಂದು ಸಲ ಹೀಗೆ ಹೋದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ.

ನಮ್ಮಲ್ಲಿ ಪ್ರತಿ ಮಗುವಿಗೂ ಒಂದು ಡೈರಿ. ಮನೆಯ ಸುದ್ದಿ ಮನೆಯವರು ಬರೆದು ಕಳಿಸಬೇಕು, ಇಲ್ಲಿಯದನ್ನು ಟೀಚರ್ ಬರೆಯಬೇಕು. ಅಂದು ನಾನು ಕೈ ಒರೆಸಿಕೊಂಡು ಫುಕಿಯ ಡೈರಿ ತೆಗೆದೆ. ಹನ್ನೊಂದು ದಿನವೂ ಚಿಅಕಿ ಬರೆದದ್ದು ಒಂದೇ: "ವಿಶೇಷವೇನಿಲ್ಲ. ಆರೋಗ್ಯವಾಗಿದ್ದಾಳೆ. ನಿಮಗೆ ತೊಂದರೆ ಕೊಡುತ್ತಿದ್ದೇವೆ, ಕ್ಷಮಿಸಿ." ಫೋನ್ ಹೋದ ಆ ಎರಡು ದಿನ ಬಿಟ್ಟರೆ, ಕೆಳಗೆ ಇಕುಯೊ ಟೀಚರ್ ಬರೆದದ್ದೂ ಒಂದೇ: "ಸ್ವಲ್ಪ ಅತ್ತಳು. ಆಮೇಲೆ ಚೆನ್ನಾಗಿದ್ದಳು."

ತಾಯಿಗೆ ಟೀಚರಿಗೆ ಹೊರೆಯಾಗಬಾರದೆಂಬ ಸಂಕೋಚ, ಟೀಚರಿಗೆ ತಾಯಿಯ ಮನಸ್ಸು ನೋಯಬಾರದೆಂಬ ಸಂಕೋಚ. ಥೂ, ಇದೆಂಥ ಮರ್ಯಾದೆಯೋ! ಮಧ್ಯದಲ್ಲಿ ಮಗು ಉಪವಾಸ.

ಸಂಜೆ ಚಿಅಕಿ ಬಂದಳು. ಜೊತೆಗೆ ಕೋಲೂರಿಕೊಂಡು ಅವಳ ಅತ್ತೆ ಸಾದೆ. ನಾನು ಆ ಬಟ್ಟಲನ್ನು ತಂದು ಅವರ ಮುಂದೆ ಇಟ್ಟೆ.

"ನೋಡಮ್ಮ, ನಿನ್ನ ಮಗಳ ಮಧ್ಯಾಹ್ನದ ಊಟ."

ಚಿಅಕಿಯ ಮುಖ ಬಿಳಿಚಿಕೊಂಡಿತು. "ಚೆನ್ನಾಗಿದ್ಲು ಅಂತ ಬರೆದಿದ್ರಲ್ಲ ಟೀಚರ್?"

"ನೀವು ಚಿಂತೆ ಮಾಡ್ಬಾರ್ದು ಅಂತ ಹಾಗೆ ಬರೆದೆ. ನಂದು ತಪ್ಪು," ಎಂದರು ಇಕುಯೊ. "ಅವಳನ್ನ ಹೇಗೆ ಸಮಾಧಾನ ಮಾಡ್ಬೇಕೋ ನನಗೆ ಗೊತ್ತಾಗ್ತಿಲ್ಲ. ಮನೇಲಿ ಹೇಗೆ ಮಲಗ್ತಾಳೆ?"

ಚಿಅಕಿ ಅತ್ತೆಯ ಮುಖ ನೋಡಿದಳು. ಸಾದೆ ಸೊಸೆಯನ್ನು ದುರುಗುಟ್ಟಿ ನೋಡಿದರು. "ಮನೆ ವಿಷಯ ಇವ್ರಿಗ್ಯಾಕೆ? ಹೊಟ್ಟೆ ಹಸಿದ್ರೆ ತಾನೇ ತಿನ್ನತ್ತೆ."

"ಹನ್ನೊಂದು ದಿನದಿಂದ ಹಸಿದೇ ಇಲ್ವಾ ಹಾಗಾದ್ರೆ?" ಎಂದೆ ನಾನು.

ಚಿಅಕಿ ಅತ್ತೇಬಿಟ್ಟಳು. "ಅವಳು ಅತ್ತೆ ಬೆನ್ನ ಮೇಲೇ ಬೆಳೆದೋಳು ಟೀಚರ್. ಬಟ್ಟೇಲಿ ಬೆನ್ನಿಗೆ ಕಟ್ಕೊಂಡ್ರೇನೇ ನಿದ್ದೆ. ಎದ್ಮೇಲೆ ಅವರ ಕೈಯಿಂದ್ಲೇ ತುತ್ತು. ಚಳಿಗಾಲದಲ್ಲಿ ಅತ್ತೆ ಹಿಮದ ಮೇಲೆ ಜಾರಿ ಸೊಂಟ ಮುರ್ಕೊಂಡ್ರು. ಈಗ ಎತ್ಕೊಳ್ಳೋಕಾಗಲ್ಲ."

"ಎರಡು ವರ್ಷದ ಮಗೂನ ಇನ್ನೂ ಬೆನ್ನಿಗೆ ಕಟ್ಕೋತಿದ್ಲು, ಮುದ್ದು ಮಾಡಿ ಕೆಡಿಸಿಟ್ಲು ಮುದುಕಿ ಅಂತ ಜನ ಆಡ್ಕೊಳ್ಳಲ್ವಾ?" ಎಂದರು ಸಾದೆ.

ಇಕುಯೊ ಸಾದೆಯ ಪಕ್ಕ ಕೂತರು. "ಕೆಡಿಸಿಲ್ಲ ಅಜ್ಜಿ. ಒಬ್ರನ್ನ ನಂಬೋದು ಕಲಿಸಿದೀರಿ. ಒಬ್ರನ್ನ ನಂಬಿದ ಮಗು ಇನ್ನೊಬ್ರನ್ನೂ ನಂಬತ್ತೆ. ನಾವೇ ಒಂದಿನ ಒಬ್ರು, ಒಂದಿನ ಇನ್ನೊಬ್ರು ಉಣಿಸೋಕೆ ಹೋದ್ವಿ. ನಾಳೆಯಿಂದ ಊಟ, ಬಟ್ಟೆ, ನಿದ್ದೆ ಎಲ್ಲಾ ನಾನೇ ನೋಡ್ಕೋತೀನಿ."

"ಯಾರು ಉಣಿಸಿದ್ರೇನು? ತುತ್ತು ತುತ್ತೇ ಅಲ್ವಾ?" ಎಂದರು ಸಾದೆ.

"ಆಸ್ಪತ್ರೇಲಿ ನಿಮ್ಮನ್ನ ಎಬ್ಬಿಸೋಕೆ ದಿನಾ ಒಬ್ಬ ಹೊಸ ನರ್ಸ್ ಬರ್ತಿದ್ರಾ?" ಇಕುಯೊ ಕೇಳಿದರು.

ಸಾದೆ ಕೋಲನ್ನು ಪಕ್ಕಕ್ಕಿಟ್ಟರು. "ಬರ್ತಿದ್ರು. ಪ್ರಾಣ ಹೋಗ್ತಿತ್ತು. ಒಬ್ಳು ಮಾತ್ರ ನನಗೆ ಎಡಗಡೆ ನೋವು ಅಂತ ನೆನಪಿಟ್ಕೊಂಡು ಬಲಗಡೆಯಿಂದ ಹಿಡೀತಿದ್ಲು. ಅವಳು ಯಾವಾಗ ಬರ್ತಾಳೋ ಅಂತ ಕಾಯ್ತಿದ್ದೆ."

"ಫುಕಿನೂ ಕಾಯ್ತಿದಾಳೆ ಅಜ್ಜಿ. ಬೆನ್ನಿಗೆ ಕಟ್ಕೊಳ್ಳೋದು ನನಗೂ ಹೇಳ್ಕೊಡಿ."

ಮರುದಿನ ಸಾದೆ ಆ ಹಳೆಯ ಬಟ್ಟೆ ತಂದರು. "ಇನ್ನೂ ಕೆಳಗೆ ಟೀಚರ್. ಹಾಂ, ಹಾಗೆ. ಒಂದೇ ಕಡೆ ನಿಂತ್ಕೋಬೇಡಿ, ಓಡಾಡಿ." ಅದುವರೆಗೆ ಮಗಳ ಕಣ್ಣು ತಪ್ಪಿಸಿ ಓಡುತ್ತಿದ್ದ ಚಿಅಕಿ ಅಂದು ಮುಂದೆ ಬಂದು ನಿಂತು ಹೇಳಿದಳು: "ಅಮ್ಮ ಕೆಲಸಕ್ಕೆ ಹೋಗಿ ಬರ್ತೀನಿ. ನೀನು ನಿದ್ದೆ ಮಾಡಿ, ತಿಂಡಿ ತಿಂದ್ಮೇಲೆ ಬರ್ತೀನಿ." ಫುಕಿ ಕಿರುಚಿ ಅತ್ತಳು. ಅಂದೂ ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಆದರೆ ಯಾರೂ ಚಿಅಕಿಗೆ ಫೋನ್ ಮಾಡಲಿಲ್ಲ. ಇಕುಯೊ ಮಗುವನ್ನು ಹೊತ್ತುಕೊಂಡೇ ಅಂಗಳ ಸುತ್ತಿದರು.

ನಾಲ್ಕನೇ ದಿನ ಫುಕಿ ಆ ಬೆನ್ನ ಮೇಲೆ ನಿದ್ದೆ ಹೋದಳು. ಎದ್ದು, ಇಕುಯೊ ಕೈಯಿಂದ ಮೂರು ತುತ್ತು ತೋಫು ತಿಂದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಲ್ಲಿನ ಕಿಟಕಿಯಿಂದ ನೋಡುತ್ತಿದ್ದ ಸಾದೆ ಕಣ್ಣೊರೆಸಿಕೊಂಡು, "ಇನ್ನು ನಾನು ಬೇಡ ಬಿಡಿ ಅವಳಿಗೆ," ಎಂದರು. ಅಷ್ಟರಲ್ಲಿ ಫುಕಿ ಅವರನ್ನು ಕಂಡಳು. ಇಕುಯೊ ಮಡಿಲಿಂದ ಜಾರಿ, ಓಡಿ ಬಂದು ಅಜ್ಜಿಯ ಕಾಲು ತಬ್ಬಿಕೊಂಡಳು. "ಅಯ್ಯೋ, ಮರ್ತಿಲ್ಲ ಕಣ್ರೇ ನನ್ನ!" ಎಂದು ಸಾದೆ ಅಲ್ಲೇ ಕುಸಿದು ಕೂತರು.

ಮಗುವಿನ ಎದೆಯಲ್ಲಿ ಒಬ್ಬರಿಗೆ ಜಾಗ ಕೊಟ್ಟರೆ ಇನ್ನೊಬ್ಬರ ಜಾಗ ಕಮ್ಮಿಯಾಗುವುದಿಲ್ಲ.

ನಿಮ್ಮ ಮನೆಯಲ್ಲೂ ಪುಟ್ಟ ಮಗುವಿದ್ದರೆ, ನಾಳೆ ಶಿಶುವಿಹಾರಕ್ಕೋ ಅಂಗನವಾಡಿಗೋ ಬಿಡಲು ಹೋದಾಗ ಎರಡು ನಿಮಿಷ ನಿಲ್ಲಿ. ಹೇಗೆ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾರನ್ನು ನೆನೆದು ಅಳುತ್ತದೆ ಎಂದು ಟೀಚರಿಗೆ ಬಾಯಿಬಿಟ್ಟು ಹೇಳಿ. ಕದ್ದು ಓಡಬೇಡಿ, ಹೇಳಿ ಹೋಗಿ. ಟೀಚರಮ್ಮ, ನೀವೂ ಕೇಳಿ. ದೊಡ್ಡವರು ಸಂಕೋಚಪಟ್ಟುಕೊಂಡು ಕೂತರೆ, ಹೇಳಲು ಬಾರದ ಮಗು ಯಾರ ಹತ್ತಿರ ಹೇಳಿಕೊಳ್ಳಬೇಕು?